ಸೊಸೆ ಎಂದು ಬರೆದುಕೊಂಡರು

ಹೆಬ್ಬೆರಳು ಆಯಿತು, ಇನ್ನು ಮೂರು, ಕರವಸ್ತ್ರದ ಮೂಲೆಯನ್ನು ಬಾಟಲಿಯ ನೀರಿನಲ್ಲಿ ಅದ್ದಿ ಅತ್ತೆಯ ಉಗುರುಗಳನ್ನು ಒಂದೊಂದಾಗಿ ಒರೆಸುತ್ತಿದ್ದೇನೆ, ಬೆಳಿಗ್ಗೆ ಬಟ್ಟೆಗೆ ಗುರುತು ಹಾಕಿದ ನೀಲಿ ಸೀಮೆಸುಣ್ಣ ಉಗುರಿನ ಅಂಚಿಗೆಲ್ಲ ಮೆತ್ತಿಕೊಂಡಿದೆ, ತೋರುಬೆರಳನ್ನು ಮಾತ್ರ ಮುಟ್ಟುವ ಹಾಗಿಲ್ಲ, ಅದಕ್ಕೆ ಕ್ಲಿಪ್ಪು ಹಾಕಿದ್ದಾರೆ, ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೇ ಇದೆ, ಒಳಗೆ ಕೆಂಪು ಬೆಳಕು, ಮೇಲೆ ಎಂಬತ್ತಾರು ಎಂದು ಬರುತ್ತದೆ, ಎಂಬತ್ತೈದು, ಮತ್ತೆ ಎಂಬತ್ತಾರು, ಏನು ಎಂಬತ್ತಾರು ಎಂದು ಕೇಳಬೇಕು, ಯಾರನ್ನು ಕೇಳಬೇಕು, ಎಲ್ಲರೂ ಎಲ್ಲಿಗೋ ಹೋಗುತ್ತಿರುವವರ ಹಾಗೇ ನಡೆಯುತ್ತಾರೆ ಇಲ್ಲಿ, ನಿಂತವರು ಯಾರೂ ಇಲ್ಲ, ನಿಂತಿರುವುದು ಸ್ಟ್ರೆಚರುಗಳು ಮಾತ್ರ, ಗೋಡೆಗೆ ಸಾಲಾಗಿ, ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು, ನಮ್ಮದು ನಾಲ್ಕನೆಯದು, ದುಪ್ಪಟಿ ಇಡುವ ಕಪಾಟಿನ ಪಕ್ಕ, ಆ ಕಪಾಟು ತೆಗೆಯಬೇಕಾದಾಗಲೆಲ್ಲ ಸ್ವಲ್ಪ ಸರಿಯಮ್ಮ ಎನ್ನುತ್ತಾರೆ, ನಾನು ಸರಿಯುತ್ತೇನೆ, ಸ್ಟ್ರೆಚರನ್ನೂ ಒಂದು ಗೇಣು ಸರಿಸುತ್ತೇನೆ, ಅತ್ತೆ ಕಣ್ಣು ಬಿಡುವುದಿಲ್ಲ, ಮೂಗು ಬಾಯಿ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಮಂಜು ಕಟ್ಟುತ್ತದೆ, ಕರಗುತ್ತದೆ, ಕಟ್ಟುತ್ತದೆ — ಮತ್ತೆ ಆ ಹೊಲಿಗೆಯ ಸೂಜಿ. ಸೀರೆಯ ಮೇಲೆ ತೊಟ್ಟ ಅಂಗಿಯ ಗುಂಡಿಪಟ್ಟಿಯ ಪಕ್ಕದಲ್ಲಿ, ಎದೆಯ ಎಡಭಾಗದಲ್ಲಿ, ಅತ್ತೆ ಯಾವಾಗಲೂ ಸಿಕ್ಕಿಸಿಕೊಳ್ಳುವ ಜಾಗದಲ್ಲೇ, ಗೇಣುದ್ದ ನೀಲಿ ದಾರ ಇಳಿಬಿಟ್ಟುಕೊಂಡು, ಉಸಿರು ಎಳೆದಾಗ ಮೇಲೆ ಬರುತ್ತದೆ, ಬಿಟ್ಟಾಗ ಕೆಳಗೆ ಹೋಗುತ್ತದೆ, ತೆಗೆಯಬೇಕು, ಯಾರಿಗಾದರೂ ಚುಚ್ಚೀತು, ತೆಗೆದರೆ ಅತ್ತೆ ಬೈಯುತ್ತಾಳೆ, ಸೂಜಿ ನನ್ನ ಎದೆ ಮೇಲಿದ್ರೆ ಕೆಲಸ ಇನ್ನೂ ಮುಗಿದಿಲ್ಲ ಅಂತ ಅರ್ಥ ಕಣೇ, ಮುಟ್ಟಬೇಡ, ಸರಿ, ಮುಟ್ಟುವುದಿಲ್ಲ, ನಡುಬೆರಳು, ಉಂಗುರದ ಬೆರಳು, ಉಂಗುರವಿಲ್ಲದ ಉಂಗುರದ ಬೆರಳು, ಎಷ್ಟು ತಿಕ್ಕಿದರೂ ಈ ನೀಲಿ ಪೂರ್ತಿ ಹೋಗುತ್ತಿಲ್ಲ, ಕರವಸ್ತ್ರಕ್ಕೇನೋ ಬಣ್ಣ ಬಂದಿದೆ, ಉಗುರಿನದು ಮಾತ್ರ ಹಾಗೇ ಇದೆ.

ಎಷ್ಟು ಹೊತ್ತಿಗೆ ಬಂದೆವು, ಬೆಳಿಗ್ಗೆ ಏಳೂವರೆ, ಅಲ್ಲ, ಏಳೂವರೆಗೆ ಅತ್ತೆ ಇನ್ನೂ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು, ಯಾವುದೋ ಕಂಪನಿಯವರ ನಲವತ್ತು ಅಂಗಿಗಳಲ್ಲಿ ಮೂವತ್ತೊಂಬತ್ತು ಮಡಚಿಟ್ಟಾಗಿತ್ತು, ಕೊನೆಯದಕ್ಕೆ ಒಂದು ಗುಂಡಿ ಬಾಕಿ, ಸೂಜಿಗೆ ದಾರ ಪೋಣಿಸಿ ಕೊಡು ಅಂದಳು, ಕೊಟ್ಟೆ, ಗುಂಡಿ ಎಲ್ಲಿ ಅಂದಳು, ಕೊಟ್ಟೆ, ಇಲ್ಲಿ ಯಾಕೋ ಗಾಳಿನೇ ಇಲ್ವಲ್ಲೇ, ಕಿಟಕಿ ತೆಗಿ ಅಂದಳು, ಕಿಟಕಿ ತೆಗೆದೇ ಇತ್ತು. ತೆಗೆದೇ ಇದೆ ಅತ್ತೆ ಎಂದು ತಿರುಗಿ ನೋಡಿದರೆ ಸೂಜಿಯನ್ನು ಎದೆಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು ಬಾಯಿ ತೆರೆದು ಕೂತಿದ್ದಾಳೆ, ಅಂಥ ಹೊತ್ತಿನಲ್ಲೂ ಸೂಜಿಯನ್ನು ನೆಲಕ್ಕೆ ಬೀಳಿಸಲಿಲ್ಲ, ಬಿದ್ದ ಸೂಜಿ ಕಾಲಿಗೆ ಚುಚ್ಚುತ್ತೆ ಎಂದು ನನಗೆ ದಿನಕ್ಕೆ ಹತ್ತು ಸಲ ಹೇಳುವವಳು. ಆಮೇಲೆ ಎದುರಂಗಡಿಯವರ ಗಾಡಿ, ದಾರಿಯ ಉಬ್ಬುಗಳು, ಒಂದೊಂದು ಉಬ್ಬಿಗೂ ಅತ್ತೆಯ ತಲೆ ನನ್ನ ಭುಜಕ್ಕೆ ಹೊಡೆಯುತ್ತಿತ್ತು, ನಾನು ಏನಾದರೂ ಹೇಳಬೇಕಿತ್ತು, ಬೇರೆಯವರು ಹೇಳುತ್ತಾರಲ್ಲ, ಏನಾಗಲ್ಲ, ಬಂದ್ಬಿಟ್ವಿ, ಇನ್ನೊಂದೇ ತಿರುವು, ನನಗೆ ಅಂಥದ್ದೆಲ್ಲ ಬಾಯಿಗೆ ಬರುವುದು ಮರುದಿನ. ನಿನ್ನ ಬಾಯಿಗೆ ಯಾರೋ ಕಾಜಾ ಹೊಲಿದು ಗುಂಡಿ ಹಾಕಿಬಿಟ್ಟಿದ್ದಾರೆ ಕಣೇ ಎಂದು ಅತ್ತೆ ನಗುತ್ತಾಳೆ, ಅದಕ್ಕೇ ನನ್ನ ಹೆಸರೇ ಕಾಜಾ ಆಗಿಹೋಗಿದೆ, ಅಂಗಡಿಗೆ ಬಂದವರೂ ಕಾಜಾ ಇಲ್ವಾ ಎಂದು ಕೇಳುತ್ತಾರೆ, ಗುಂಡಿ ತೂರಿಸುವ ಸೀಳಿನ ಸುತ್ತ ದಿನಕ್ಕೆ ಅರವತ್ತು ಕಾಜಾ ಹೊಲಿಯುವವಳಿಗೆ ಅದಕ್ಕಿಂತ ಒಪ್ಪುವ ಹೆಸರು ಇಲ್ಲ. ಆಸ್ಪತ್ರೆಯ ಕೌಂಟರಿನವರು ನನ್ನ ಹೆಸರು ಕೇಳಲಿಲ್ಲ, ತಲೆ ಎತ್ತದೆ ಕೇಳಿದರು, ಪೇಷೆಂಟ್ ನಿಮಗೇನಾಗ್ಬೇಕು, ಅತ್ತೆ ಅಂದೆ, ಜೋರಾಗಿ ಹೇಳಮ್ಮ ಅಂದರು, ಅತ್ತೆ, ಹಂಗಾದ್ರೆ ನೀವು ಸೊಸೆ ಅಂದರು, ತಲೆಯಾಡಿಸಿದೆ, ಬರೆದುಕೊಂಡರು. ಸೊಸೆಯೇ ತಾನೆ, ಅಪ್ಪನ ಅಕ್ಕ ಅತ್ತೆ, ಅತ್ತೆಗೆ ತಮ್ಮನ ಮಗಳು ಸೊಸೆ, ಅಂಗಡಿಗೆ ಯಾರೇ ಬಂದರೂ ಅತ್ತೆ ಹೇಳುವುದು ಅದನ್ನೇ, ಇವಳು ನನ್ನ ಸೊಸೆ, ಕೈ ಓಡೋ ಹಾಗೆ ಬಾಯಿ ಓಡಲ್ಲ, ಅಷ್ಟೇ. ಕೌಂಟರಿನ ಮೇಲೆ ಪೆನ್ನಿಗೆಂದು ಕಟ್ಟಿದ ಒಂದು ಬಿಳಿ ದಾರ ಇತ್ತು, ಪೆನ್ನು ಇರಲಿಲ್ಲ, ದಾರ ಮಾತ್ರ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು, ಹತ್ತಿ ದಾರ, ಎರಡೆಳೆ, ಗಂಟು ಸರಿಯಾಗಿ ಹಾಕಿರಲಿಲ್ಲ, ಅದಕ್ಕೇ ಪೆನ್ನು ಹೋಗಿದೆ ಅಂದುಕೊಂಡೆ, ಆ ಹೊತ್ತಿನಲ್ಲಿ ಗಂಟಿನ ಬಗ್ಗೆ ಯಾಕೆ ಯೋಚಿಸಿದೆನೋ.

ಆಮೇಲಿನದು ಒಂದರೊಳಗೊಂದು ಸೇರಿಹೋಗಿದೆ, ಮೊದಲು ಬಂದದ್ದು ಡಾಕ್ಟರೋ ಸಿಸ್ಟರೋ, ಡಾಕ್ಟರೇ ಇರಬೇಕು, ಚಿಕ್ಕ ವಯಸ್ಸು, ಕಾಲಿಗೆ ಸ್ನಾನದಮನೆಯ ಚಪ್ಪಲಿ, ಕಣ್ಣು ಕೆಂಪಗೆ, ಅತ್ತೆಯ ಎದೆಗೆ ಸ್ಟೆತಾಸ್ಕೋಪಿನ ಬಿಲ್ಲೆ ಇಟ್ಟು ಕೇಳಿದರು, ಸೂಜಿಯಿಂದ ಎರಡು ಬೆರಳು ಆಚೆ, ಸೂಜಿ ಕಾಣಲೇ ಇಲ್ಲ ಅವರಿಗೆ, ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಬಿಲ್ಲೆ ತೆಗೆದರು, ಎದೇಲಿ ನೀರು ತುಂಬ್ಕೊಂಡಿದೆ, ಈ ಗಾಳಿ ಸಾಕಾಗಲ್ಲ, ಒಳಗೆ ಮಷೀನಿಗೆ ಹಾಕ್ಬೇಕು, ಒಳಗೆ ಹಾಸಿಗೆ ಖಾಲಿ ಆದ ತಕ್ಷಣ ತಗೋತೀವಿ, ಎಷ್ಟು ಹೊತ್ತಾಗುತ್ತೆ ಎಂದು ನಾನು ಕೇಳಲಿಲ್ಲ, ಆಚೆಯ ಸ್ಟ್ರೆಚರಿನವರು ಯಾರೋ ಕೇಳಿದರು, ಒಳಗೆ ಎಂಟೇ ಹಾಸಿಗೆ, ನನ್ನ ಕೈಲಿ ಒಂಬತ್ತನೇದು ಇದ್ದಿದ್ರೆ ನಾನೇ ಮಲಗ್ತಿದ್ದೆ ಎಂದು ಡಾಕ್ಟರು ಹೋದರು. ಖಾಲಿ ಆಗುವುದು ಎಂದರೆ ಹೇಗೆ, ಒಳಗಿನವರು ಹುಷಾರಾಗಿ ಎದ್ದು ಬರುತ್ತಾರೆಯೆ, ಇಲ್ಲ ಇನ್ನೊಂದು ರೀತಿಯೆ, ಬೆಳಗಿನಿಂದ ಆ ಬಾಗಿಲನ್ನೇ ನೋಡುತ್ತ ಖಾಲಿಯಾಗಲಿ ಖಾಲಿಯಾಗಲಿ ಎಂದುಕೊಳ್ಳುತ್ತಿದ್ದೇನಲ್ಲ, ಯಾರಿಗೆ ಏನಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ನಾನು, ಬಾಗಿಲು ತೆರೆದಾಗಲೆಲ್ಲ ನೆಲ ನೋಡುತ್ತೇನೆ. ಹಾಸಿಗೆ ಹಿಡೀಬಾರದು ಕಣೇ ಅನ್ನುತ್ತಿದ್ದಳು ಅತ್ತೆ, ಎದುರುಮನೆಯ ಮುದುಕಿ ಮೂರು ವರ್ಷ ಮಲಗಿದಲ್ಲೇ ಇದ್ದದ್ದನ್ನು ನೋಡಿ ಬಂದ ದಿನ, ನನ್ನನ್ನ ನಿಂತ ಹಾಗೇ ಕಳಿಸಪ್ಪ ದೇವರೇ, ಕತ್ತರಿ ಕೈಯಲ್ಲಿರೋವಾಗ್ಲೇ, ಹಾಸಿಗೆ ಮಾತ್ರ ಹಿಡಿಸಬೇಡ, ಈಗ ಪಕ್ಕದ ಸ್ಟ್ರೆಚರಿನ ತಾತನ ಜೊತೆಗಿರುವ ಅಜ್ಜಿ ಹೇಳುತ್ತಾರೆ, ಇಲ್ಲಿ ಮೊದಲು ಒಂದು ಹಾಸಿಗೆ ಹಿಡೀಬೇಕು ಮಗಳೇ, ಮಿಕ್ಕಿದ್ದು ಆಮೇಲೆ, ಅತ್ತೆಗೆ ಎಚ್ಚರವಿದ್ದಿದ್ದರೆ ಆ ಮಾತಿಗೆ ನಕ್ಕುಬಿಡುತ್ತಿದ್ದಳು, ಪ್ಲಾಸ್ಟಿಕ್ಕಿನೊಳಗೇ ನಗುತ್ತಿದ್ದಳು. ಸಿಸ್ಟರು ಬಂದದ್ದು ಆಮೇಲೆ, ದಪ್ಪ ಕನ್ನಡಕದವರು, ಫೈಲನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಬ್ಬರ ಸೂಜಿಮದ್ದು ತುಂಬುತ್ತಾ ನನ್ನ ಕಡೆ ನೋಡದೆ ಕೇಳಿದರು, ನಿಮ್ಮ ಮನೆಯವರು ಬರ್ತಾರೇನಮ್ಮ, ಮನೆಯವರು, ಮನೆಯಲ್ಲಿ ಇರುವುದು ನಾವಿಬ್ಬರೇ, ಇಬ್ಬರೂ ಇಲ್ಲೇ ಇದ್ದೇವೆ, ಇನ್ನು ಮನೆಯವರು ಎಂದರೆ ಅಪ್ಪ, ಲಾರಿಯಲ್ಲಿ ಎಲ್ಲೋ ದೂರದಲ್ಲಿರುವವರು, ಗಾಡಿಯಲ್ಲಿ ಬರುವಾಗ ಫೋನು ಮಾಡಿದ್ದೆ, ಲೋಡು ಇಳಿಸಿ ಹೊರಟ್ರೂ ನಾಳೆ ಬೆಳಿಗ್ಗೆ ಆಗುತ್ತೆ ಮಗಾ, ಅಕ್ಕನ್ನ ನೋಡ್ಕೋ ಅಂದಿದ್ದರು, ನಾಳೆ ಬೆಳಿಗ್ಗೆ ಅಂದೆ ಸಿಸ್ಟರಿಗೆ. ನಾಳೇನಾ, ತಾಯಿ ಹಿಂಗೆ ಮಲಗಿರುವಾಗ ನಾಳೆ ಅಂತಾರಾ, ಫೋನ್ ಮಾಡಿ ಇವತ್ತೇ ಬರೋಕೆ ಹೇಳಮ್ಮ ಅಂದರು, ತಾಯಿ ಅಂದರು, ಆಗಲೇ ನನಗೆ ಹೊಳೆಯಬೇಕಿತ್ತು, ಆದರೆ ಸಿಸ್ಟರು ಎಲ್ಲ ಮುದುಕಿಯರನ್ನೂ ತಾಯಿ ಅನ್ನುತ್ತಾರೆ, ತಾಯೀ ಕಾಲು ಮಡಚಿ, ತಾಯೀ ಈ ಕಡೆ ತಿರುಗಿ, ಮತ್ತೆ ಅಪ್ಪನಿಗೂ ಅತ್ತೆ ತಾಯಿಯ ಹಾಗೇ, ಎತ್ತಿ ಆಡಿಸಿದವಳು, ಸರಿಯಾಗಿಯೇ ಹೇಳುತ್ತಿದ್ದಾರೆ ಅಂದುಕೊಂಡು ತಲೆಯಾಡಿಸಿದೆ. ತಲೆಯಾಡಿಸಿದರೆ ಜನ ಹೊರಟುಹೋಗುತ್ತಾರೆ, ಅದನ್ನು ನಾನು ಶಾಲೆಯಲ್ಲೇ ಕಲಿತದ್ದು, ಅದೊಂದೇ ಕಲಿತದ್ದು. ಎಂಟನೇ ತರಗತಿ, ಎದ್ದು ನಿಂತು ಪಾಠ ಓದು ಅಂದರು ಮೇಷ್ಟ್ರು, ಅಕ್ಷರ ಎಲ್ಲ ಗೊತ್ತಿತ್ತು, ಮನಸ್ಸಿನಲ್ಲಿ ಪುಟದ ಕೊನೆಯವರೆಗೂ ಓದಿ ಮುಗಿಸಿದ್ದೆ, ಬಾಯಿಯಿಂದ ಒಂದೂ ಹೊರಗೆ ಬರಲಿಲ್ಲ, ಓದೋಕೆ ಬರಲ್ವಾ ಅಂದರು, ತಲೆಯಾಡಿಸಿದೆ, ಗಂಟೆ ಹೊಡೆಯುವ ತನಕ ನಿಂತಿದ್ದೆ, ಮಾರನೆಯ ದಿನ ಹೋಗಲಿಲ್ಲ, ಅದರ ಮಾರನೆಯ ದಿನವೂ, ಅತ್ತೆ ಬೈಯಲಿಲ್ಲ, ಒಂದು ಹರಿದ ತುಂಡು ಬಟ್ಟೆ ಕೊಟ್ಟು ಇದಕ್ಕೊಂದು ಕಾಜಾ ಹೊಲಿ ನೋಡೋಣ ಅಂದಳು.

ಎಂಬತ್ತನಾಲ್ಕು. ಕಿರುಬೆರಳೂ ಆಯಿತು, ನೀಲಿ ಹಾಗೇ ಇದೆ, ಈ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ನೋಡಿದರೆ, ಇದು ಸೀಮೆಸುಣ್ಣ ಅಲ್ಲ. ಉಗುರಿನ ಮೇಲೆ ಇರುವುದಲ್ಲ ಇದು, ಒಳಗಿನದು. ಕರವಸ್ತ್ರ ಮಡಚಿಟ್ಟೆ, ಮತ್ತೆ ಬಿಚ್ಚಿದೆ, ಅತ್ತೆಯ ಕೈಯನ್ನು ದುಪ್ಪಟಿಯೊಳಗೆ ಇಟ್ಟೆ, ಅಲ್ಲ, ಡಾಕ್ಟರಿಗೆ ಕಾಣಬೇಕಲ್ಲ, ಹೊರಗಿಟ್ಟೆ. ಪಕ್ಕದ ಅಜ್ಜಿ ನೋಡುತ್ತಲೇ ಇದ್ದರು, ಅವರ ಗಂಡ ಅವರ ಸ್ಟ್ರೆಚರಿನಲ್ಲಿ ಗೊರಗೊರ ಎನ್ನುತ್ತ ಮಲಗಿದ್ದರು, ಅಜ್ಜಿ ಗಂಡನ ಕಾಲಿನ ಹತ್ತಿರ ಸ್ಟೂಲು ಹಾಕಿಕೊಂಡು ಬ್ರೆಡ್ಡು ತಿನ್ನುತ್ತಾ, ಐವತ್ತು ವರ್ಷದಿಂದ ಇವರಿಗೆ ಕಾಯೋದೇ ನನ್ನ ಕೆಲಸ, ಊಟಕ್ಕೆ ಕಾಯಿ, ಸ್ನಾನಕ್ಕೆ ಕಾಯಿ, ಈಗ ಹಾಸಿಗೆಗೆ ಕಾಯಿ, ನನಗೆ ಅಭ್ಯಾಸ ಮಗಳೇ, ನಿನಗೆ ಹೊಸದು, ತಗೋ ಒಂದು ತುಂಡು, ಬೇಡ ಎಂದು ತಲೆಯಾಡಿಸಿದೆ, ತಿನ್ನೇ, ಅತ್ತೆ ಎದ್ದ ಮೇಲೆ ಸೊಸೆ ಬಿದ್ರೆ ಯಾರು ನೋಡ್ಕೋತಾರೆ ಎಂದು ಕೈಗೇ ತುರುಕಿದರು, ಅತ್ತೆ ಉಗುರು ಒರೆಸೋ ಸೊಸೇನ ಈ ಕಾಲದಲ್ಲಿ ನಾನು ನೋಡಿರ್ಲಿಲ್ಲ ಕಣೇ, ನಮ್ಮನೇಲೂ ಒಬ್ಳು ಇದಾಳೆ, ಮಾವನ್ನ ನೋಡೋಕೆ ಬಂದ್ಲು, ಒಂದು ಫೋಟೋ ತೆಗೆದ್ಲು, ಪಾರ್ಕಿಂಗ್ ಸಿಗ್ಲಿಲ್ಲ ಅಂತ ಹೋದ್ಲು. ನನಗೆ ನಗು ಬಂತು, ಹೊಗಳಿದ್ದಕ್ಕೆ ಖುಷಿಯೂ ಆಯಿತು, ಅಲ್ಲೂ ಹೊಳೆಯಲಿಲ್ಲ, ಅಷ್ಟು ಬಿಡಿಸಿ ಹೇಳಿದರೂ. ಎಷ್ಟು ಗಂಟೆ ಆಗಿತ್ತೋ, ಗೋಡೆಯ ಗಡಿಯಾರ ಎರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು, ಒಳಗಿನ ಬಾಗಿಲು ತೆರೆಯಿತು, ಬಿಳಿಮೀಸೆಯ ಟ್ರಾಲಿಯವರು ಒಬ್ಬರನ್ನು ತಳ್ಳಿಕೊಂಡು ಬಂದರು, ಮುಖ ಮುಚ್ಚಿತ್ತೋ ತೆರೆದಿತ್ತೋ, ನಾನು ನೆಲ ನೋಡುತ್ತಿದ್ದೆ, ಚಕ್ರ ಮಾತ್ರ ಕಂಡಿತು, ಒಂದು ಚಕ್ರಕ್ಕೆ ಯಾರದೋ ಉದ್ದ ಕೂದಲು ಸುತ್ತಿಕೊಂಡಿತ್ತು. ಕನ್ನಡಕದ ಸಿಸ್ಟರು ಎರಡು ಫೈಲು ಹಿಡಿದುಕೊಂಡು ಬಂದರು, ಒಂದು ನಮ್ಮದು, ಮೂಲೆ ಮಡಚಿತ್ತು, ಅದನ್ನು ಕೆಳಗಿಟ್ಟರು, ಇನ್ನೊಂದನ್ನು ಮೇಲಿಟ್ಟರು, ನಿಮ್ಮ ಮನೆಯವರು ಬಂದ್ರಾ ಎಂದು ಕೇಳಿದರು ನನ್ನನ್ನು, ಇನ್ನೂ ಇಲ್ಲ ಅಂದೆ, ಅಯ್ಯೋ ಎಂದು ನಾಲಿಗೆ ಲೊಚಗುಟ್ಟಿ ಅಜ್ಜಿಯ ಕಡೆ ತಿರುಗಿದರು, ನಿಮ್ದು ಪೇಪರ್ ಎಲ್ಲ ರೆಡಿ ಇದೆ, ನಡೀರಿ ಅಜ್ಜಿ. ಆದರೆ ನಾವು ಮೊದಲು ಬಂದಿದ್ದೆವು, ಅಜ್ಜಿ ಬಂದಾಗ ಅತ್ತೆಯ ಪ್ಲಾಸ್ಟಿಕ್ಕಿನಲ್ಲಿ ಮಂಜು ಕಟ್ಟಿ ಕರಗಿ ಎಷ್ಟೋ ಹೊತ್ತಾಗಿತ್ತು, ಬೆಳಿಗ್ಗೆಯಿಂದ ಒಂದೊಂದು ಸ್ಟ್ರೆಚರನ್ನೂ ಎಣಿಸಿದ್ದೇನೆ, ನಮ್ಮದು ನಾಲ್ಕನೆಯದು, ಅವರದು ಐದನೆಯದು, ಬಾಯಿಗೆ ಬಂತು, ಬಂದಲ್ಲೇ ನಿಂತಿತು. ಟ್ರಾಲಿಯವರು ತಾತನ ಸ್ಟ್ರೆಚರಿನ ಬ್ರೇಕು ಬಿಡಿಸುವಾಗ ಅಜ್ಜಿ ನನ್ನ ಗಲ್ಲ ಸವರಿದರು, ಬೇಜಾರು ಮಾಡ್ಕೋಬೇಡ ಮಗಳೇ, ನಿನ್ನ ಗಂಡ ಬಂದು ಸಹಿ ಹಾಕಿದ್ರೆ ನಿಮ್ಮತ್ತೇಗೂ ಸಿಗುತ್ತಂತೆ, ಅವನಿಗೇ ಕಾಯ್ತಿದಾರಂತೆ, ಸಿಸ್ಟರ್ ಹೇಳ್ತಿದ್ರು, ಎಂಥ ಮಗಾನೋ, ಹೆತ್ತವ್ಳು ಹಿಂಗಿರುವಾಗ. ಹೋದರು. ಅಜ್ಜಿಯ ಸ್ಟೂಲು ಅಲ್ಲೇ ಉಳಿಯಿತು, ಅದರ ಮೇಲೆ ಬ್ರೆಡ್ಡಿನ ಪುಡಿ.

ನನ್ನ ಗಂಡ. ಯಾವ ಗಂಡ — ಒಂದು ಕ್ಷಣ ನನಗೇ ಅನುಮಾನ ಬಂತು, ಎಲ್ಲೋ ಒಬ್ಬನಿದ್ದು ನಾನೇ ಮರೆತಿದ್ದೇನೋ ಎಂದು, ಬೆಳಗಿನಿಂದ ಇಷ್ಟು ಜನ ಅವನಿಗಾಗಿ ಕಾಯುತ್ತಿದ್ದಾರೆ ಎಂದರೆ ಇದ್ದರೂ ಇರಬಹುದು, ಅತ್ತೆಗೆ ಮಗ, ಮದುವೆಯೇ ಆಗದ ಅತ್ತೆಗೆ ಮಗ, ಆ ಮಗನಿಗೆ ನಾನು ಹೆಂಡತಿ, ಸಿಸ್ಟರು ಬಿಟ್ಟುಹೋದ ಫೈಲು ಅತ್ತೆಯ ಕಾಲಿನ ಹತ್ತಿರ ಇದೆ, ಮುಟ್ಟಬಹುದೋ ಇಲ್ಲವೋ, ಮುಟ್ಟಿದೆ, ಮೊದಲ ಹಾಳೆಯಲ್ಲೇ ಇದೆ, ಕೌಂಟರಿನವರ ಅಕ್ಷರ, ಜೊತೆಯಲ್ಲಿ ಬಂದವರು, ಸೊಸೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬೇರೆ ಅಕ್ಷರ, ಮಗನ ಒಪ್ಪಿಗೆ ಸಹಿ ಬಾಕಿ, ನಾಳೆ ಬೆಳಿಗ್ಗೆ ಬರುತ್ತಾರೆ. ನಾಳೆ ಬೆಳಿಗ್ಗೆ ಎಂದು ಹೇಳಿದ್ದು ನಾನೇ. ಅಪ್ಪ ಅಂದುಕೊಂಡು ನಾನು ಹೇಳಿದೆ, ಗಂಡ ಅಂದುಕೊಂಡು ಅವರು ಬರೆದರು, ಮನೆಯವರು, ಎಂಥ ಮಾತು ಅದು, ಮನೆಯವರು ಎಂದರೆ ಗಂಡ ಎನ್ನುವುದು ನನಗೂ ಗೊತ್ತಿತ್ತಲ್ಲ, ಅಂಗಡಿಗೆ ಬರುವ ಹೆಂಗಸರು ಹಾಗೇ ತಾನೆ ಅನ್ನುವುದು, ನಮ್ಮ ಮನೆಯವರ ಅಂಗಿ, ನಮ್ಮ ಮನೆಯವರ ಅಳತೆ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ, ಅದಕ್ಕೇ ತಿಳಿಯಲಿಲ್ಲ, ನನ್ನ ಮನೆಯವರು ಇಲ್ಲಿ ಮಲಗಿದ್ದಾರೆ, ಈ ಸ್ಟ್ರೆಚರಿನ ಮೇಲೆ, ಎಂಬತ್ತೆರಡು. ಹೇಳಬೇಕು. ಈಗಲೇ, ಎದ್ದು ಹೋಗಿ, ಹೇಗೆ ಶುರು ಮಾಡಬೇಕು, ಸಿಸ್ಟರ್ ತಪ್ಪಾಗಿದೆ, ಯಾರದು ತಪ್ಪು ಅಂದರೆ, ತಲೆಯಾಡಿಸಿದ್ದು ನಾನು, ಮತ್ತೆ ಯಾಕಮ್ಮ ಬೆಳಿಗ್ಗೆಯಿಂದ ಸುಮ್ನೆ ಕೂತಿದ್ದೆ ಅಂದರೆ. ಕಾಜಾಕ್ಕೆ ಮೊದಲು ಕತ್ತರಿ ಕಣೇ, ಆಮೇಲೆ ಸೂಜಿ, ಅತ್ತೆಯ ಮಾತು, ನಾನು ಬಟ್ಟೆಗೆ ಕತ್ತರಿ ಹಾಕಲು ಹೆದರುತ್ತಿದ್ದೆ, ಚೆನ್ನಾಗಿ ಹೊಲಿದು ಮುಗಿಸಿದ ಅಂಗಿಯ ನಡುವೆ ಸೀಳುವುದು ಹೇಗೆ, ಒಂದೆಳೆ ಹೆಚ್ಚಾದರೆ ಅಂಗಿಯೇ ಹೋಯಿತು, ಅದಕ್ಕೇ ಇವತ್ತಿಗೂ ಸೀಳುವುದು ಅತ್ತೆ, ಸುತ್ತ ಹೊಲಿಯುವುದು ನಾನು, ಏಳು ವರ್ಷದಿಂದ ಹಾಗೇ, ನಾನು ಹೋದ ಮೇಲೆ ನಿನ್ನ ಗುಂಡಿಗಳೆಲ್ಲ ಹೊರಗೇ ನಿಂತಿರ್ತಾವೆ ನೋಡು ಎಂದು ನಗುತ್ತಿದ್ದಳು. ಎದ್ದೆ. ಕಾಲು ಜೋಮು ಹಿಡಿದಿದೆ, ಫೈಲು ಎದೆಗೆ ಹಿಡಿದುಕೊಂಡು ನಡೆಯುತ್ತೇನೆ, ಒಂಬತ್ತು ಹೆಜ್ಜೆ ಕೌಂಟರಿಗೆ, ಹಿಂದೆ ತಿರುಗಿದರೆ ಅತ್ತೆ ಕಾಣುತ್ತಾಳೆ, ಸೂಜಿಯೂ ಕಾಣುತ್ತದೆ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಮಿಣುಕ್ ಅನ್ನುತ್ತದೆ, ಮೇಲೆ ಬಂದಾಗ ಮಿಣುಕ್, ಕೆಳಗೆ ಹೋದಾಗ ಇಲ್ಲ. ಕೌಂಟರಿನವರು ಕಿವಿಗೆ ಫೋನು ಹಿಡಿದಿದ್ದಾರೆ, ಸಿಸ್ಟರು ನನಗೆ ಬೆನ್ನು ಹಾಕಿ ಏನೋ ಎಣಿಸುತ್ತಿದ್ದಾರೆ, ಮುಂದೆ ಇಬ್ಬರು, ಪಕ್ಕದಲ್ಲಿ ಮೂವರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಎಲ್ಲರಿಗೂ ಹಾಸಿಗೆಯೇ ಬೇಕು, ಅವರು ನನ್ನ ಅಪ್ಪನ ಅಕ್ಕ ಅಂದೆ. ಅಂದೆನೋ, ಅಂದುಕೊಂಡೆನೋ. ಅವರು ನನ್ನ ಅಪ್ಪನ ಅಕ್ಕ, ಇನ್ನೊಂದು ಸಲ, ಈ ಸಲ ನನ್ನ ಕಿವಿಗೆ ಕೇಳಿಸಿತು, ಅವರಿಗೆ ಮಗ ಇಲ್ಲ, ನನಗೆ ಮದುವೆ ಆಗಿಲ್ಲ, ಇವತ್ತು ಯಾರೂ ಬರಲ್ಲ, ನನ್ನನ್ನ ಸಾಕಿದ್ದು ಅವರೇ, ಸಹಿ ನಾನೇ ಹಾಕ್ತೀನಿ, ನನಗೆ ಸಹಿ ಹಾಕೋಕೆ ಬರುತ್ತೆ. ಮುಂದಿನವರೊಬ್ಬರು ತಿರುಗಿ ನೋಡಿ ಮತ್ತೆ ಆ ಕಡೆ ತಿರುಗಿದರು. ಫೈಲು ತೆರೆದು ಕೌಂಟರಿನ ಮೇಲಿಟ್ಟೆ, ಹಾಳೆಯ ಕೊನೆಯಲ್ಲಿ ಖಾಲಿ ಗೆರೆ ಇದೆ, ಇಲ್ಲಿ ಇರುವ ಒಂದೇ ಖಾಲಿ ಜಾಗ ಇದು, ಬೆರಳಿಟ್ಟು ಹಿಡಿದುಕೊಂಡಿದ್ದೇನೆ, ಪೆನ್ನಿಲ್ಲ, ಬಿಳಿ ದಾರ ನನ್ನ ಮಣಿಕಟ್ಟಿಗೆ ತಾಗುತ್ತ ಅಲ್ಲಾಡುತ್ತದೆ, ಅತ್ತೆಯ ಜೇಬಿನಲ್ಲಿ ಸೀಮೆಸುಣ್ಣ ಇದೆ, ಅದು ಆಗುವುದಿಲ್ಲ, ಅದರ ಗೆರೆ ಎಳೆಯುವುದೇ ಆಮೇಲೆ ಕೊಡವಿಬಿಡುವುದಕ್ಕೆ, ಪೆನ್ನೇ ಬೇಕು, ಸಿಸ್ಟರ್ ಒಂದು ಪೆನ್ ಕೊಡಿ ಅಂದೆ, ಹದಿನಾರು ಹದಿನೇಳು ಎಂದು ಎಣಿಸುತ್ತಿದ್ದಾರೆ, ಸರ್, ಒಂದು ಪೆನ್ ಕೊಡಿ, ಹೇಳಿ ಹೇಳಿ ಕೇಳಿಸ್ತಿದೆ ಎಂದರು, ನನಗಲ್ಲ, ಫೋನಿಗೆ, ಹಿಂದೆ ತಿರುಗಿದೆ, ಸೂಜಿ ಮೇಲೆ ಬಂತು, ಮಿಣುಕ್ ಅಂದಿತು, ಕೆಳಗೆ ಹೋಯಿತು, ನೋಡುತ್ತಿದ್ದೇನೆ, ಕೆಳಗೇ ಇದೆ, ಯಾರೋ ನಡುವೆ ಹಾದುಹೋದರು, ಇನ್ನೊಬ್ಬರು ಹೋದರು, ಈಗ ಕಾಣುತ್ತಿದೆ, ಕೆಳಗಿದೆ, ಸೂಜಿ, ನೀಲಿ ದಾರ, ಈಗ ಮೇಲೆ ಬರಬೇಕು, ಬೆರಳು ಗೆರೆಯ ಮೇಲೇ ಇದೆ, ಬರಬೇಕು ಈಗ, ಸೂಜಿ — ಒಂದು ಪೆನ್ ಕೊಡಿ.